ಪಕ್ಕಕ್ಕೆ ಎಳೆದುಕೊಂಡ ಕುರ್ಚಿ

ನಿವೃತ್ತ ಬಸ್ ಕಂಡಕ್ಟರರೊಬ್ಬರನ್ನು ಮೂರು ವರ್ಷಗಳಲ್ಲಿ ಹದಿನಾಲ್ಕು ಸಲ ಪರೀಕ್ಷಿಸಲಾಯಿತು. ಅವರ ಮನಸ್ಸು ಹೇಗಿದೆಯೆಂದು ಒಮ್ಮೆಯೂ ಕೇಳಲಿಲ್ಲ. ಮಿಕ್ಕ ಪ್ರಶ್ನೆಗಳಿಗೆಲ್ಲ ಅವರ ಹೆಂಡತಿ ಉತ್ತರ ಕೊಟ್ಟರು. ಪರೀಕ್ಷಿಸಿದವರು, ಈ ಅಭಿನಂದನ ಸಂಪುಟ ಯಾರ ಗೌರವಾರ್ಥ ಹೊರಬರುತ್ತಿದೆಯೋ ಆ ಡಾಕ್ಟರಮ್ಮನವರೇ.

ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಖಿನ್ನತೆಯನ್ನು ಗುರುತಿಸುವ ವಿದ್ಯೆಗೆ ಆಸ್ಪತ್ರೆಯ ಕಿರಿಯರೆಲ್ಲ ಇಂದು ಗುರುವೆಂದು ಒಪ್ಪುವ, ಮೂವತ್ತೊಂದು ವರ್ಷ ನರರೋಗ ವಿಭಾಗದ ಕೊನೆಯ ಕೋಣೆಯಲ್ಲಿ ಕುಳಿತ ಅವರು ಈ ಸಂಗತಿಯನ್ನು ಎಂದೂ ಮುಚ್ಚಿಟ್ಟವರಲ್ಲ. ನಡಿಗೆ ನಿಧಾನವಾಗುತ್ತದೆ, ದನಿ ಕುಗ್ಗುತ್ತದೆ, ಮುಖ ಬಿಗಿದು ಭಾವ ಅಳಿಸಿಹೋಗುತ್ತದೆ. ಎಲ್ಲವೂ ಕಾಯಿಲೆಯದೇ ಲಕ್ಷಣವೆಂದು ಬರೆದುಬಿಟ್ಟರೆ, ಅದರ ಹಿಂದೆ ಒಬ್ಬ ಮನುಷ್ಯ ಮುಳುಗುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ರೋಗಿಗೆ ಏಳೇ ನಿಮಿಷ ಎಂದು ಗೊತ್ತುಮಾಡಿದ ವ್ಯವಸ್ಥೆಗೆ ಅದು ಕಾಣಬೇಕಾಗಿಯೂ ಇರಲಿಲ್ಲ.

ಹದಿನೈದನೆಯ ಭೇಟಿಯಲ್ಲಿ ಹೆಂಡತಿ, "ಇವ್ರಿಗೇನು ಡಾಕ್ಟ್ರೇ, ರಾಜನ ಹಾಗೆ ಕೂತಿರ್ತಾರೆ. ಹೊತ್ತುಹೊತ್ತಿಗೆ ಊಟ, ಕಣ್ತುಂಬ ನಿದ್ದೆ" ಎಂದು ಹೇಳಿ ಔಷಧದ ಸಾಲಿನಲ್ಲಿ ನಿಲ್ಲಲು ಹೊರಟರು. ಡಾಕ್ಟರಮ್ಮ ತಲೆ ತಗ್ಗಿಸಿ ಬರೆಯುತ್ತಿದ್ದರು. ನಿದ್ದೆಯ ಬಗ್ಗೆ ಕೇಳಿದ್ದನ್ನು ತಾವೇ ಮರೆತಿದ್ದರು. ಆಗ ಬಾವಿಯ ತಳದಿಂದೆಂಬಂತೆ ದನಿಯೊಂದು ಬಂತು.

"ನಿದ್ದೆ ಬರುತ್ತೆ. ಏಳೋಕೇ ಮನಸ್ಸಿಲ್ಲ. ಎಲ್ರೂ ಇಳ್ದು ಹೋಗಿದಾರೆ, ಖಾಲಿ ಬಸ್ಸು ಸುಮ್ನೆ ಓಡ್ತಿದೆ ಅನ್ಸುತ್ತೆ."

ಒಂದು ಕಾಲಕ್ಕೆ ಬಸ್ಸಿನ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿದ್ದ ಕಂಠವದು. ಉತ್ತರ ಹೊರಬರಲು ಎರಡು ನಿಮಿಷ ಹಿಡಿದಿತ್ತು. ಹದಿನಾಲ್ಕು ಸಲವೂ ಅದು ಹೊರಟಿರಬೇಕು. ಪ್ರತಿಸಲವೂ ಇನ್ನೊಬ್ಬರ ಮಾತು ಅಡ್ಡಬಂದಿತ್ತು.

ಖಿನ್ನತೆಯೆಂದು ತಿಳಿಸಿದಾಗ ಹೆಂಡತಿ ಸಿಡಿದೆದ್ದರು: "ನಲವತ್ತು ವರ್ಷ ಸಂಸಾರ ಮಾಡಿದ ನನಗೆ ಕಾಣದ್ದು ನಿಮಗೆ ಕಂಡ್ಬಿಡ್ತಾ?"

"ನನಗೂ ಮೂರು ವರ್ಷ ಕಾಣ್ಲಿಲ್ಲ, ಅಮ್ಮ."

ಅಂದಿನಿಂದ ಡಾಕ್ಟರಮ್ಮ ತಮ್ಮ ಕುರ್ಚಿಯನ್ನು ರೋಗಿಯ ಪಕ್ಕಕ್ಕೆ ಎಳೆದುಕೊಂಡರು, ಮುಖ ನೋಡಿ ಮೋಸಹೋಗಬಾರದೆಂದು. ಮನೆಯವರನ್ನು ಹೊರಗೆ ಕೂರಿಸಿದರು. ಒಂದು ಪ್ರಶ್ನೆ ಕೇಳಿ, ಬಾಯಿ ಮುಚ್ಚಿಕೊಂಡು ಕಾದರು. ಈ ಕ್ರಮ ತಿರುವುಮುರುವಾದ ತಪ್ಪನ್ನೂ ಹಿಡಿಯಿತು. ಮುಖ ಕಲ್ಲಾಗಿದೆಯೆಂದು ಬೇರೆಲ್ಲೋ ಖಿನ್ನತೆಯ ಮಾತ್ರೆ ಶುರುಮಾಡಿದ್ದ, ಇದೇ ಕಾಯಿಲೆಯ ಟೀಚರೊಬ್ಬರು ಬಹಳ ಹೊತ್ತಿನ ಮೇಲೆ ಪಿಸುಗುಟ್ಟಿದರು: "ನಾನು ನಗ್ತಾನೇ ಇದೀನಿ ಕಣಮ್ಮ, ಮುಖಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ." ಆ ಮಾತ್ರೆಯನ್ನು ಮೆಲ್ಲಮೆಲ್ಲನೆ ಬಿಡಿಸಿದರು.

ಇತ್ತ ಕಂಡಕ್ಟರರು ಚಿಕಿತ್ಸೆಯ ಆರನೆಯ ತಿಂಗಳಲ್ಲಿ, ಡಾಕ್ಟರಮ್ಮನ ಕೋಣೆಯ ಬಾಗಿಲಿಗೆ ಅಡ್ಡ ನಿಂತ ಜನಕ್ಕೆ, ಕೇಳಿಯೂ ಕೇಳದಷ್ಟು ದನಿಯಲ್ಲಿ "ಮುಂದೆ ಹೋಗ್ರಿ, ಒಳಗೆ ಜಾಗ ಇದೆ" ಎಂದರು. ಹೆಂಡತಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಇಷ್ಟಕ್ಕೆ ಡಾಕ್ಟರಮ್ಮನವರಿಗೆ ದಕ್ಕಿದ್ದು ನಿಧಾನಗತಿಗೆ ಎರಡು ನೋಟೀಸು, ತಪ್ಪಿಹೋದ ಒಂದು ಬಡ್ತಿ, 'ಮೌನಿ ಡಾಕ್ಟರು' ಎಂಬ ಅಡ್ಡಹೆಸರು. "ಏನ್ ಮೇಡಂ, ಇವತ್ತು ಎಷ್ಟು ಜನರ ಹತ್ರ ಮಾತಾಡ್ಲಿಲ್ಲ?" ಎಂದು ಸಹೋದ್ಯೋಗಿಗಳು ಕೆಣಕುತ್ತಿದ್ದರು. ಡಾಕ್ಟರಮ್ಮ ಊಟಕ್ಕೆ ಬರುವ ಹೊತ್ತಿಗೆ ಕ್ಯಾಂಟೀನಿನ ಕುರ್ಚಿಗಳು ಮೇಜಿನ ಮೇಲೇರಿರುತ್ತಿದ್ದವು. ಕಿಟಕಿಯ ಬಳಿ ನಿಂತೇ ತಣ್ಣಗಾದ ಡಬ್ಬಿ ಬಿಚ್ಚುತ್ತಿದ್ದರು. ದಿನವಿಡೀ ಪರರ ಮನಸ್ಸಿಗೆ ಕಾದವರನ್ನು, ಮನೆಗೆ ಹೋದರೆ, ಹೇಗಿದ್ದೀಯೆಂದು ಕೇಳಿ ಕಾಯುವವರು ಯಾರೂ ಇರಲಿಲ್ಲ.

ಅವರ ಆಯುಸ್ಸು ದೊಡ್ಡದಾಗಲಿ, ಕಿವಿ ಚುರುಕಾಗಿಯೇ ಇರಲಿ, ಕಲಿಸಿದ ಕೆಲಸ ಅವರ ಕೈಯಲ್ಲೇ ಇನ್ನೂ ಬಹುಕಾಲ ನಡೆಯಲಿ. ವಿಶ್ರಾಂತಿ ಪಡೆಯಿರಿ ಎನ್ನಲು ಮಾತ್ರ ಬಾಯಿ ಬರುವುದಿಲ್ಲ. ನಿವೃತ್ತಿಯ ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. ಡಾಕ್ಟರಮ್ಮ ಕೊನೆಯ ಕೋಣೆಯಲ್ಲಿ ಇಸ್ತ್ರಿ ಅಂಗಡಿಯ ಹಿರಿಯರೊಬ್ಬರನ್ನು, ಬೆಳಗಾದರೆ ಯಾತಕ್ಕಾಗಿ ಏಳಬೇಕು ಅನಿಸುತ್ತದೆ ಎಂದು ಕೇಳಿ ಒಂದೂವರೆ ನಿಮಿಷವಾಗಿತ್ತು. ಸೂಪರಿಂಟೆಂಡೆಂಟರು ಬಾಗಿಲು ದೂಡಿದರು.

"ಅತಿಥಿಗಳು ಕಾಯ್ತಿದಾರೆ ಮೇಡಂ. ಇವ್ರನ್ನ ನಾಳೆ ಬೇರೆಯವ್ರು ನೋಡ್ಕೋತಾರೆ, ಏಳಿ."

ನಾಳೆಯೆಂದರೆ ಮತ್ತೆ ಏಳು ನಿಮಿಷ. ಹಿರಿಯರ ತುಟಿ ಆಗಷ್ಟೇ ಅಲುಗಿತ್ತು.

"ಇವ್ರು ಹೇಳೋಕೆ ಶುರುಮಾಡಿದಾರೆ. ನಾನು ಏಳಲ್ಲ. ಬಾಗಿಲು ಹಾಕ್ಕೊಂಡು ಹೋಗಿ."