ಪಿಳ್ಳಣ್ಣನ ಸಸ್ಯಾಹಾರಿ ಬೇರಿಂಗ್

ಯಡಿಯೂರು ಕೆರೆಗೆ ಬೆನ್ನು ಕೊಟ್ಟು ನಿಂತಿದ್ದ ತಗಡಿನ ಶೆಡ್ಡೊಂದರಲ್ಲಿ ಪಿಳ್ಳಣ್ಣ ಮೋಟಾರುಗಳ ರಾಜವೈದ್ಯನಾಗಿ ಹದಿನೈದು ವರ್ಷ ಮೆರೆದಿದ್ದ. ನೀರಿನ ಪಂಪು, ಹಿಟ್ಟಿನ ಗಿರಣಿ, ಮಿಕ್ಸಿ, ಸೀಲಿಂಗ್ ಫ್ಯಾನು, ಹೀಗೆ ಸುತ್ತಮುತ್ತ ತಿರುಗುವ ವಸ್ತುಗಳೆಲ್ಲ ಅವನ ಪ್ರಜೆಗಳು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದನೆಂದರೆ ರೋಗ ತಾನಾಗಿಯೇ ಬಾಯಿ ಬಿಡುತ್ತಿತ್ತು. ಇಂಥ ಮನುಷ್ಯ ಒಂದು ಹಿಡಿ ಗ್ರೀಸಿನ ಮೇಲೆ ಜಾರಿ ಬಿದ್ದ ಕಥೆ ಇದು.

೧೯೮೪ರ ಆಷಾಢದಲ್ಲಿ ಜಯನಗರದ ಏಳನೇ ಬ್ಲಾಕಿನಿಂದ ಅವನಿಗೆ ಕರೆ ಬಂತು. ಕರೆದವರು ಶಿವಬಸಮ್ಮ. ಅವರ ಯಜಮಾನರು ಜಯದೇವಪ್ಪ, ಕಾರ್ಖಾನೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಆರು ತಿಂಗಳ ತರಬೇತಿಗೆಂದು ಜರ್ಮನಿಗೆ ಹೋಗಿದ್ದಾಗ ಎಲ್ಲರಂತೆ ಗಡಿಯಾರ, ಸೆಂಟು ತರದೆ, ಬಟ್ಟೆ ಒಗೆಯುವ ಯಂತ್ರವೊಂದನ್ನು ಹಡಗಿನಲ್ಲಿ ಹಾಕಿಸಿ ಕಳಿಸಿದ್ದರು. ಹೊಟ್ಟೆಯ ಮೇಲೆ ಗುಂಡನೆಯ ಗಾಜಿನ ಬಾಗಿಲಿದ್ದ ಆ ಯಂತ್ರ ಈಗ ಬಟ್ಟೆ ಹಿಂಡುವ ಹಂತಕ್ಕೆ ಬಂತೆಂದರೆ ವಿಮಾನ ಇಳಿದಂತೆ ಆರ್ಭಟಿಸುತ್ತಿತ್ತು. ಜಯದೇವಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಪೇಪರ್ ಓದುತ್ತಿದ್ದರು. ಪಕ್ಕದ ಮನೆಯ ಕಮಲಾದೇವಿ ಕಾಂಪೌಂಡಿನ ಮೇಲಿಂದ ತಲೆ ತೂರಿಸಿ, "ಶಿವಬಸಮ್ಮಾರೇ, ಇವತ್ತು ಎಷ್ಟು ಹೊತ್ತಿಗೆ ಹಾರುತ್ತೆ?" ಎಂದು ಕೇಳುತ್ತಿದ್ದರು.

ಅಂಥ ಯಂತ್ರವನ್ನು ಪಿಳ್ಳಣ್ಣ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹಾಗೆಂದು ತೋರಿಸಿಕೊಳ್ಳುವುದುಂಟೇ? ಗರ್ಭಗುಡಿಯನ್ನು ಸುತ್ತುವಂತೆ ಮೂರು ಸುತ್ತು ಬಂದ. ಬಾಗಿಲು ತೆಗೆದು ಒಳಗಿನ ಡ್ರಮ್ಮನ್ನು ಕೈಯಿಂದ ತಿರುಗಿಸಿದ. ಗರಗರ ಸದ್ದು ಬಂತು. ಸ್ಕ್ರೂಡ್ರೈವರ್ ಕಿವಿಗಿಟ್ಟ.

"ಬೇರಿಂಗ್ ಸತ್ತಿದೆ ತಾಯಿ."

"ಬದುಕಿಸ್ತೀಯಾ?"

"ಸತ್ತಿರೋದನ್ನ ಬದುಕ್ಸಕ್ಕಾಗಲ್ಲ. ಹೊಸದು ಹಾಕ್ತೀನಿ."

ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿ ಹಳೆಯ ಹಾಸಿಗೆ ಹಾಸಿ ಯಂತ್ರವನ್ನು ಮಲಗಿಸಲಾಯಿತು. ಬೆನ್ನಿನ ತಗಡು ಬಂತು, ಬೆಲ್ಟು ಬಂತು, ದೊಡ್ಡ ಪುಲ್ಲಿ ಬಂತು. ಆಮೇಲೆ ಒಳಗಿನಿಂದ ಒಂದು ಕಾಂಕ್ರೀಟಿನ ದಿಮ್ಮಿ ಹೊರಬಂತು. ಅದನ್ನು ನೋಡಿ ಜಯದೇವಪ್ಪನವರ ಮುಖ ಕಪ್ಪಿಟ್ಟಿತು. "ಇದನ್ನ ಹಡಗಲ್ಲಿ ತರಿಸಿದ್ನಲ್ಲಯ್ಯ! ಕಾಂಕ್ರೀಟು ಇಲ್ಲೇ ಬನಶಂಕರೀಲಿ ಸಿಕ್ತಿತ್ತು!" ಯಂತ್ರ ಕುಣಿಯದಿರಲೆಂದು ಇಟ್ಟ ಭಾರ ಅದು ಎಂದು ಪಿಳ್ಳಣ್ಣ ಅವರನ್ನು ಸಮಾಧಾನಪಡಿಸಿದ.

ಕೊನೆಗೆ ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಬಡಿದಾಗ ಬೇರಿಂಗುಗಳೆರಡೂ ತುಕ್ಕಿನ ಕಂದು ನೀರು ಕಾರುತ್ತಾ ಹೊರಬಿದ್ದವು. ಅಲ್ಲಿ ಪಿಳ್ಳಣ್ಣ ಒಂದು ಚಿಕ್ಕ ಉಪನ್ಯಾಸ ಕೊಟ್ಟ. ಬೇರಿಂಗಿನ ಮುಂದೆ ಒಂದು ರಬ್ಬರ್ ಸೀಲು ಇರುತ್ತದೆ, ಅದು ಸವೆದರೆ ಡ್ರಮ್ಮಿನ ನೀರು ಒಳಗೆ ಬರುತ್ತದೆ, ಒಳಗಿನ ಗ್ರೀಸು ಡ್ರಮ್ಮಿಗೆ ಹೋಗುತ್ತದೆ. "ನಿಮ್ಮ ಬಿಳಿ ಬಟ್ಟೆ ಮೇಲೆ ಕಂದು ಕಲೆ ಬರ್ತಿತ್ತಲ್ಲ ತಾಯಿ, ಅದು ಇದೇ ಗ್ರೀಸು." ಶಿವಬಸಮ್ಮ ಬೆರಗಾಗಿ ಕೇಳಿದರು. ಆ ಉಪನ್ಯಾಸ ಮುಂದೆ ತನ್ನ ಕೊರಳಿಗೇ ಉರುಳಾಗುತ್ತದೆಂದು ಪಾಪ ಅವನಿಗೆ ಹೇಗೆ ಗೊತ್ತಾಗಬೇಕು?

ಸೀಮೆಎಣ್ಣೆ ಹಾಕಿ ಉಜ್ಜಿದಾಗ ಬೇರಿಂಗಿನ ಮೇಲಿನ ನಂಬರು ಕಾಣಿಸಿತು. ಪಿಳ್ಳಣ್ಣ ನಕ್ಕುಬಿಟ್ಟ. ಯಡಿಯೂರಿನ ರಾಗಿ ಗಿರಣಿಯ ಮೋಟಾರಿಗೆ ಅವನು ಹಾಕುತ್ತಿದ್ದದ್ದೂ ಅದೇ ನಂಬರು. ಸೈಕಲ್ ತುಳಿದು ಎಸ್.ಪಿ. ರೋಡಿನ ಚಕ್ರಪಾಣಿಯ ಅಂಗಡಿಯಿಂದ ಬೇರಿಂಗು, ಸೀಲು ತಂದ. ಮಾರನೆಯ ಮಧ್ಯಾಹ್ನ ತನ್ನ ಹಳೆಯ ಡಬ್ಬದಿಂದ ಹಳದಿ ಗ್ರೀಸನ್ನು ಅಂಗೈಗೆ ಹಾಕಿಕೊಂಡು, ಬೆಣ್ಣೆ ಮೆತ್ತುವಂತೆ ಬೇರಿಂಗಿನ ಗುಂಡುಗಳ ನಡುವೆ ಮೆತ್ತುತ್ತಿದ್ದಾಗ ಶಿವಬಸಮ್ಮ ಬಾಗಿಲಲ್ಲಿ ನಿಂತು ಕೇಳಿದರು:

"ಪಿಳ್ಳಣ್ಣ, ಅದರಲ್ಲಿ ಕೊಬ್ಬು ಗಿಬ್ಬು ಇಲ್ಲ ತಾನೇ?"

ಕೇಳಿದ್ದರಲ್ಲಿ ಅರ್ಥವಿತ್ತು. ವನಸ್ಪತಿಯಲ್ಲಿ ದನದ ಕೊಬ್ಬು ಬೆರೆಸಿದ್ದಾರೆಂಬ ಸುದ್ದಿ ಪೇಪರುಗಳಲ್ಲಿ ಬಂದು ವರ್ಷವೂ ಆಗಿರಲಿಲ್ಲ. ಶಿವಬಸಮ್ಮ ಆವತ್ತಿನಿಂದ ಬೇಕರಿಯ ಬಿಸ್ಕತ್ತು ಬಿಟ್ಟಿದ್ದರು, ಸೋಪನ್ನು ಮೂಸಿ ನೋಡಿ ಕೊಳ್ಳುತ್ತಿದ್ದರು. ಲಿಂಗಪೂಜೆಗೆ ಕೂರುವಾಗ ಉಡುವ ಸೀರೆಯನ್ನೂ ಈ ಡ್ರಮ್ಮಿನಲ್ಲೇ ಒಗೆಯುತ್ತಾರೇನೋ ಎಂದುಕೊಂಡ ಪಿಳ್ಳಣ್ಣ.

ಪಿಳ್ಳಣ್ಣನಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. "ಛೇ ಛೇ, ಇದು ಭೂಮಿ ಎಣ್ಣೆ ತಾಯಿ. ಪೆಟ್ರೋಲ್ ಬರೋ ಕಡೆಯಿಂದ್ಲೇ ಬರೋದು" ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅವರ ಮುಖದಲ್ಲಿ ಅನುಮಾನ ಇನ್ನೂ ಒಂದು ಎಳೆ ಉಳಿದಿರುವುದು ಕಂಡು, ಯಾರೂ ಕೇಳದಿದ್ದರೂ, ಕೈ ಒರೆಸಿಕೊಂಡು ಕಿಟಕಿಯ ಮೇಲಿದ್ದ ವಿಭೂತಿ ಗಟ್ಟಿಯನ್ನು ಮುಟ್ಟಿದ. "ಇದರಾಣೆಗೂ ಇಲ್ಲ."

ಶಿವಬಸಮ್ಮನ ಮುಖ ಅರಳಿತು. ಯಂತ್ರ ಎದ್ದು ನಿಂತು ಬೆಕ್ಕಿನಂತೆ ಗುರುಗುಟ್ಟುತ್ತಾ ತಿರುಗಿತು. ಪಿಳ್ಳಣ್ಣ ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಜಯಶಾಲಿಯಾಗಿ ಮನೆಗೆ ಹೋದ.

ಶಿವಬಸಮ್ಮ ಆ ಬೀದಿಯ ಅಕ್ಕನ ಬಳಗದ ಮುಂದಾಳು. ಸೋಮವಾರ ಸಂಜೆ ಹತ್ತು ಹನ್ನೆರಡು ಜನ ಹೆಂಗಸರು ಸೇರಿ ವಚನ ಹಾಡುತ್ತಿದ್ದರು, ಹಾಡಿಗಿಂತ ಹೆಚ್ಚು ಹೊತ್ತು ಮಾತಾಡುತ್ತಿದ್ದರು. ಒಂದೇ ಸೋಮವಾರದಲ್ಲಿ ಸುದ್ದಿ ಹಬ್ಬಿತು: ಯಡಿಯೂರಿನ ಪಿಳ್ಳಣ್ಣ ಶುದ್ಧ ಸಸ್ಯಾಹಾರಿ ಬೇರಿಂಗ್ ಹಾಕುತ್ತಾನೆ! ಶ್ರಾವಣ ಹುಟ್ಟುವಷ್ಟರಲ್ಲಿ ಅವನ ಶೆಡ್ಡಿಗೆ ಮಿಕ್ಸಿಗಳು ಸಾಲುಗಟ್ಟಿ ಬಂದವು, ಗ್ರೈಂಡರುಗಳು ಆಟೋದಲ್ಲಿ ಕೂತು ಬಂದವು. ಕಮಲಾದೇವಿ ತಮ್ಮ ಪೂಜಾಮನೆಯ ಫ್ಯಾನನ್ನೇ ಬಿಚ್ಚಿಸಿ ಅವನ ಗ್ರೀಸು ಹಾಕಿಸಿದರು. ಮನೆಯಲ್ಲಿ ಕುರಿಯ ತಲೆಮಾಂಸ ತಿಂದು ಬಂದ ಕೈಯಿಂದಲೇ ಪಿಳ್ಳಣ್ಣ ಜಯನಗರದ ಸಸ್ಯಾಹಾರವನ್ನು ಕಾಪಾಡುತ್ತಿದ್ದ.

ಈ ಹೊಸ ಕೀರ್ತಿಯನ್ನು ಅವನು ಎಸ್.ಪಿ. ರೋಡಿಗೂ ಹೊತ್ತೊಯ್ದ. ಚಕ್ರಪಾಣಿ ಹಣೆಗೆ ನಾಮ, ಮೂಗಿಗೆ ನಶ್ಯ ಹಾಕುವ ಮನುಷ್ಯ. ಮೂವತ್ತು ವರ್ಷ ಬೇರಿಂಗುಗಳ ನಡುವೆ ಕೂತು ಅವುಗಳ ಜಾತಕವನ್ನೆಲ್ಲ ಬಲ್ಲವನು.

"ಏನಂದೆ? ಸಸ್ಯಾಹಾರಿ ಗ್ರೀಸಾ?" ಚಕ್ರಪಾಣಿ ಸೀನಿದ. "ಗ್ರೀಸು ಅಂದ್ರೆ ಏನಂತ ತಿಳ್ಕೊಂಡಿದೀಯಯ್ಯ? ಎಣ್ಣೆ ಹರಿದು ಹೋಗ್ದೇ ಇರ್ಲಿ ಅಂತ ಅದಕ್ಕೆ ಸೋಪು ಬೆರೆಸ್ತಾರೆ. ನಿನ್ನ ಹಳದಿ ಲೂಸ್ ಗ್ರೀಸಿನ ಸೋಪು ಕೊಬ್ಬಿಂದಲೇ ಮಾಡಿರೋದು."

"ಯಾವ ಕೊಬ್ಬು ಸ್ವಾಮಿ?"

"ದನದ್ದೋ, ಕುರೀದೋ! ಸತ್ತ ಮೇಲೆ ಅದೇನು ಹೆಸರು ಹೇಳುತ್ತಾ?"

ಪಿಳ್ಳಣ್ಣ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಕೊಬ್ಬಿಲ್ಲದ್ದು ಇಲ್ವಾ?"

"ಇದೆಯಲ್ಲ, ಲಿಥಿಯಂ ಗ್ರೀಸು. ಅದರ ಸೋಪು ಹರಳೆಣ್ಣೇದು. ನೀನು ಕೇಳಿದ್ದಿದ್ರೆ ಕೊಡ್ತಿದ್ದೆ."

ಕೇಳಿದ್ದರೆ! ಆ ಮಾತು ಸೈಕಲ್ಲಿನ ಕ್ಯಾರಿಯರಿನಲ್ಲಿ ಕೂತು ಎಸ್.ಪಿ. ರೋಡಿನಿಂದ ಯಡಿಯೂರಿನವರೆಗೂ ಅವನನ್ನು ಚುಚ್ಚುತ್ತಾ ಬಂತು. ಸೀಲು ಹೊಸದು, ಗ್ರೀಸು ಬಟ್ಟೆಗೆ ತಾಗುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಸೀಲು ಸವೆಯುತ್ತದೆ ಅಂತ ನೀನೇ ಉಪನ್ಯಾಸ ಕೊಟ್ಟೆಯಲ್ಲ ಎಂದು ಮನಸ್ಸು ತಿರುಗಿಸಿ ಹೇಳಿತು. ರಾತ್ರಿ ತಟ್ಟೆಯ ಅನ್ನವನ್ನು ಗ್ರೀಸು ಮೆತ್ತುವಂತೆ ಕಲಸುತ್ತಲೇ ಇದ್ದ. ಹೆಂಡತಿ ಕೆಂಪಕ್ಕ ಕೆದಕಿ ಕೆದಕಿ ವಿಷಯ ಹೊರಗೆಳೆದಳು.

"ಅಯ್ಯೋ ನಿನ್ನ! ಗ್ರೀಸು ಗೊತ್ತಿರ್ಲಿಲ್ಲ, ಹೋಗ್ಲಿ. ಈಬತ್ತಿ ಯಾಕೆ ಮುಟ್ಟಕ್ಕೋದೆ? ಅವರು ಕೇಳಿದ್ರಾ?"

"ಇಲ್ಲ."

"ಮತ್ತೆ?"

ಪಿಳ್ಳಣ್ಣ ತಟ್ಟೆ ಬಿಟ್ಟೆದ್ದು ಕೈ ತೊಳೆದ. ಅಂದಿನಿಂದ ಏಳನೇ ಬ್ಲಾಕಿನ ರಸ್ತೆ ಬಿಟ್ಟು ಬಳಸು ದಾರಿ ಹಿಡಿದ. ಆದರೂ ತರಕಾರಿ ಅಂಗಡಿಯ ಮುಂದೆ ಶಿವಬಸಮ್ಮ ಸಿಕ್ಕೇಬಿಟ್ಟರು. "ಇವನೇ ನೋಡಿ ನಮ್ಮ ಪಿಳ್ಳಣ್ಣ, ಇಂಥ ಪ್ರಾಮಾಣಿಕರು ಈಗೆಲ್ಲಿದಾರೆ!" ಎಂದು ಬದನೆಕಾಯಿ ತೂಗುತ್ತಿದ್ದವನಿಗೂ ಪರಿಚಯಿಸಿದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದ. "ಶ್ರಾವಣದ ಕಡೇ ಸೋಮವಾರ ನಮ್ಮನೇಲಿ ಬಳಗದವರೆಲ್ಲ ಸೇರ್ತೀವಿ. ನಿನಗೊಂದು ಶಾಲು ಹೊದಿಸಬೇಕು ಅಂತ ತೀರ್ಮಾನ ಆಗಿದೆ. ತಪ್ಪಿಸ್ಬೇಡ."

ಶಾಲು! ಪಿಳ್ಳಣ್ಣ ಯುದ್ಧೋಪಾಯ ಹೂಡಿದ. ಆ ಸೋಮವಾರ ಬೆಳಿಗ್ಗೆ ಎಂಟಕ್ಕೇ ಹರಳೆಣ್ಣೆಯ ಗ್ರೀಸಿನ ಡಬ್ಬ ಹಿಡಿದು ಶಿವಬಸಮ್ಮನ ಹಿತ್ತಲಿಗೆ ನುಗ್ಗಿದ. "ಮೆಶಿನ್ನು ಸ್ವಲ್ಪ ಸದ್ದು ಮಾಡ್ತಿದೆ ಅನ್ಸುತ್ತೆ ತಾಯಿ."

"ನನಗೇನೂ ಕೇಳಿಸಿಲ್ವಲ್ಲ?"

"ನಿಮಗೆ ಕೇಳಿಸಲ್ಲ. ನನಗೆ ಯಡಿಯೂರಿಗೇ ಕೇಳಿಸ್ತು."

ಜಯದೇವಪ್ಪ ಪೇಪರ್ ಕೆಳಗಿಟ್ಟು ಅವನನ್ನು ಒಮ್ಮೆ ದಿಟ್ಟಿಸಿ, ಮತ್ತೆ ಪೇಪರ್ ಎತ್ತಿಕೊಂಡರು. ಪಿಳ್ಳಣ್ಣ ಒಂಟಿಯಾಗಿ ಯಂತ್ರವನ್ನು ಮಲಗಿಸಿ, ಕಾಂಕ್ರೀಟು ಇಳಿಸಿ, ಬೇರಿಂಗು ಕಿತ್ತು, ಹಳದಿ ಗ್ರೀಸಿನ ಕಣಕಣವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿ ಎದ್ದಾಗ ಹನ್ನೊಂದು ಗಂಟೆ. "ಪುಕ್ಕಟೆ ಮಾಡ್ಕೊಟ್ಯಾ? ದೇವರಂಥೋನಪ್ಪ ನೀನು" ಎಂದು ಶಿವಬಸಮ್ಮ ಕಣ್ಣೊರೆಸಿಕೊಂಡರು. ಪಿಳ್ಳಣ್ಣನಿಗೆ ಬೇರಿಂಗಿನ ಜೊತೆ ತನ್ನನ್ನೂ ಸೀಮೆಎಣ್ಣೆಯಲ್ಲಿ ಅದ್ದಬೇಕೆನಿಸಿತು.

ಸಂಜೆ ಶಿವಬಸಮ್ಮನ ಮನೆಯ ಹಾಲ್‌ನಲ್ಲಿ ಹನ್ನೆರಡು ಜನ ಹೆಂಗಸರು ಕೂತಿದ್ದರು. ತಟ್ಟೆಯಲ್ಲಿ ಬಾಳೆಹಣ್ಣು, ಕಿತ್ತಳೆ, ಮಡಿಸಿದ ಶಾಲು. ಪಿಳ್ಳಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದ. ಶಿವಬಸಮ್ಮ ಅವನನ್ನು ಹೊಗಳಿದರು, ಕಮಲಾದೇವಿ ಹೊಗಳಿದರು. ಕೊನೆಗೆ ಶಿವಬಸಮ್ಮ, "ಪಿಳ್ಳಣ್ಣ, ಎಲ್ಲರ ಮುಂದೆ ನಿನ್ನ ಬಾಯಿಂದಲೇ ಒಂದು ಮಾತು ಹೇಳಿಬಿಡು. ನಮ್ಮ ಮೆಶಿನ್ನಲ್ಲಿ ಕೊಬ್ಬಿದೆಯಾ?" ಎಂದರು.

ಪಿಳ್ಳಣ್ಣ ಎದ್ದು ನಿಂತ. ಇಲ್ಲ ಎಂದರೆ ಈಗ ಅದು ಅಪ್ಪಟ ಸತ್ಯ. ಶಾಲು ಹೊದ್ದು ಹೋಗಬಹುದು.

"ಇಲ್ಲ ತಾಯಿ" ಎಂದ. ಚಪ್ಪಾಳೆ ಬಿತ್ತು. ಅದು ನಿಲ್ಲುವುದನ್ನು ಕಾದು, ಸೇರಿಸಿದ: "ಬೆಳಿಗ್ಗೆ ಹನ್ನೊಂದು ಗಂಟೆಯಿಂದ ಇಲ್ಲ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಹಾಲ್‌ನಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಒಬ್ಬರು ಉಟ್ಟ ಸೀರೆಯ ಸೆರಗನ್ನು ಮೈಯಿಂದ ದೂರ ಹಿಡಿದರು. ಇನ್ನೊಬ್ಬರು ಮಿಕ್ಸಿಯಲ್ಲಿ ರುಬ್ಬಿದ ಚಟ್ನಿಗಳನ್ನೆಲ್ಲ ನೆನೆದು ಬಾಯಿಗೆ ಕೈ ಇಟ್ಟರು.

"ನಮ್ಮ ಪೂಜಾಮನೆ ಫ್ಯಾನು?" ಕಮಲಾದೇವಿ ಎದ್ದು ನಿಂತರು.

"ಅದರಲ್ಲೂ ಹಳದೀನೇ ತಾಯಿ."

"ಶಿವ ಶಿವಾ! ತಿಂಗಳಿಂದ ದೇವರ ನೆತ್ತಿ ಮೇಲೆ ತಿರುಗ್ತಾ ಇದೆಯಲ್ಲೋ!"

ಜಯದೇವಪ್ಪ ಒಳಗಿನ ಕೋಣೆಯಲ್ಲಿ ಕೆಮ್ಮಿದರು. ಅದು ಕೆಮ್ಮೋ ನಗುವೋ ಹೇಳುವುದು ಕಷ್ಟವಿತ್ತು. ಶಿವಬಸಮ್ಮ ಗದ್ದಲ ತಗ್ಗಿದ ಮೇಲೆ ಮೆಲ್ಲಗೆ ಹೇಳಿದರು, "ಪೂಜೆ ಸೀರೆ ನಾನು ಯಾವತ್ತೂ ಮೆಶಿನ್ನಿಗೆ ಹಾಕಿಲ್ಲ. ಕೈಯಲ್ಲೇ ಒಗೆಯೋದು. ಮನಸ್ಸು ಒಪ್ಪಲಿಲ್ಲ."

ಪಿಳ್ಳಣ್ಣನ ಎದೆಯಿಂದ ಆ ಕಾಂಕ್ರೀಟಿನ ದಿಮ್ಮಿ ಇಳಿದಂತಾಯಿತು. "ಹಾಗಾದ್ರೆ ಏನೂ ಆಗಿಲ್ಲ ತಾಯಿ!"

"ಗ್ರೀಸಿನ ಮಾತು ಬಿಡು. ಇವರೆಲ್ಲ ನಿನ್ನ ಹತ್ರ ಬಂದಿದ್ದು ಗ್ರೀಸು ನೋಡಿ ಅಲ್ಲ, ನೀನು ವಿಭೂತಿ ಮುಟ್ಟಿದ್ದನ್ನ ನಾನು ಹೇಳಿದ್ದಕ್ಕೆ. ಈಗ ನಾನೂ ಇವರಿಗೆ ಸುಳ್ಳು ಹೇಳಿದ ಹಾಗಾಯ್ತಲ್ಲಪ್ಪ."

ದಿಮ್ಮಿ ಮತ್ತೆ ಹತ್ತಿ ಕೂತಿತು, ಈ ಸಲ ಎರಡರಷ್ಟು ಭಾರವಾಗಿ. ಶಾಲನ್ನು ಅವರು ತಟ್ಟೆಯಿಂದ ತೆಗೆದಿಟ್ಟರು. ಹಣ್ಣನ್ನು ಮಾತ್ರ ಅವನ ಕೈಗೆ ಕೊಟ್ಟು, "ಮನೇಲಿ ಹೆಂಡತಿಗೆ ಕೊಡು" ಎಂದರು. ಹಣ್ಣು ಶಾಲಿಗಿಂತ ಭಾರವಾಗಿತ್ತು.

ಮಾರನೆಯ ದಿನದಿಂದ ಪಿಳ್ಳಣ್ಣ ಮನೆ ಮನೆಗೆ ಹೋಗಿ ಮಿಕ್ಸಿ, ಗ್ರೈಂಡರುಗಳ ಹೊಟ್ಟೆ ತೊಳೆದ. ಮೊದಲು ಕಮಲಾದೇವಿಯ ಪೂಜಾಮನೆ. ಸ್ಟೂಲು ಹತ್ತಿ ಫ್ಯಾನು ಇಳಿಸಿ, ತೊಳೆದು, ಡಬ್ಬದ ಮುಚ್ಚಳ ತೆಗೆದಾಗ ಕಮಲಾದೇವಿ ಅಡ್ಡ ನಿಂತರು.

"ಇದು ಖಂಡಿತ ಹರಳೆಣ್ಣೇದೇನಾ?"

ಎದುರಿಗೇ ವಿಭೂತಿಯ ತಟ್ಟೆಯಿತ್ತು. ಪಿಳ್ಳಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅಂಗಡಿ ಚಕ್ರಪಾಣಿ ಸ್ವಾಮಿಗಳು ಹಂಗಂದ್ರು ತಾಯಿ. ಮಾಡೋದನ್ನ ನಾನು ನೋಡಿಲ್ಲ."

ಕಮಲಾದೇವಿ ಡಬ್ಬವನ್ನು ನೋಡಿದರು, ಅವನನ್ನು ನೋಡಿದರು, ದೇವರನ್ನು ನೋಡಿದರು.

"ಸರಿ, ಹಾಕು. ಆದ್ರೆ ಫ್ಯಾನು ಇಲ್ಲಿ ಬೇಡ, ಹಾಲ್‌ನಲ್ಲಿ ನೇತುಹಾಕು. ಅಲ್ಲಿ ನಮ್ಮೆಜಮಾನ್ರು ಮಾತ್ರ ಕೂರೋದು."

ಶ್ರಾವಣ ಮಾಸದಲ್ಲೇ ದೇವರ ಗಾಳಿ ಕಿತ್ತುಕೊಂಡವನಾಗಿ, ಆ ಕಡೆ ಕಣ್ಣೆತ್ತಿಯೂ ನೋಡದೆ, ಪಿಳ್ಳಣ್ಣ ಫ್ಯಾನನ್ನು ಹೆಗಲಿಗೇರಿಸಿಕೊಂಡು ಹಾಲ್‌ ಕಡೆ ನಡೆದ.