ಅಂಜುಮನ್ನಿನ ಹೆಸರಿನಿಂದ ‘ಸರಕಾರಿ’ ಹೋದದ್ದು

ಸ್ವಾತಂತ್ರ್ಯಕ್ಕೆ ಮುಂಚೆ, ಸರಕಾರದ ಭಾಷೆ ಉರ್ದುವಾಗಿದ್ದಾಗ, ಬೀದರಿನಲ್ಲಿ ಶಿಕ್ಷಕರ ಸಂಘವೊಂದಿತ್ತು. ಅದರ ಹೆಸರು ಸರಕಾರಿ ಮಾಸ್ತರರ ಅಂಜುಮನ್. ಸರಕಾರಿ ಉರ್ದು ಶಾಲೆಗಳವರು ಕಟ್ಟಿದ್ದು. ಕೆಲವು ವರ್ಷಗಳ ನಂತರ ನಮ್ಮಂಥವರನ್ನೂ ಸೇರಿಸಿಕೊಂಡರು. ನಾನು ಆಗ ಖಟಕ ಚಿಂಚೋಳಿಯಲ್ಲಿ ಖಾನಗಿ ಕನ್ನಡ ಶಾಲೆಯ ಮಾಸ್ತರ. ಖಾನಗಿ ಎಂದರೆ ಊರವರೇ ನಡೆಸುವ ಶಾಲೆ. ಮಠದ ಪಡಸಾಲೆ ಸಿಕ್ಕರೆ ಅದೇ ಕಟ್ಟಡ. ಬಿಡುವಿದ್ದಾಗ ಒಂದು ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ. ಆ ಕೆಲಸವನ್ನೇ ಪೂರ್ತಿಯಾಗಿ ಹಿಡಿದದ್ದು ಆಮೇಲೆ.

ನಮ್ಮನ್ನು ಸೇರಿಸಿಕೊಂಡ ರೀತಿಯನ್ನು ಹೇಳಬೇಕು. ಸಭೆಗೆ ಹೋದರೆ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಚಹಾ ಮೊದಲು ನಮಗೆ. ಪಾನಿನ ತಬಕು ಮೊದಲು ನಮ್ಮ ಮುಂದೆ. ಬೀದರಿನಲ್ಲಿ ಮೆಹಮಾನರಿಗೆ, ಎಂದರೆ ಅತಿಥಿಗಳಿಗೆ, ಸಲ್ಲುವ ಮರ್ಯಾದೆ ಅದು. ಮೆಹಮಾನರಾದವರು ಮನೆಯ ವಿಚಾರದಲ್ಲಿ ಬಾಯಿ ಹಾಕುವುದಿಲ್ಲ. ಅದೂ ಅದೇ ಮರ್ಯಾದೆಯ ಭಾಗ. ಹೀಗಾಗಿ ನಾವು ಸದಸ್ಯರಾಗಿಯೂ ಕೈ ಎತ್ತುವಂತಿರಲಿಲ್ಲ. ಹೆಸರಿನಲ್ಲೇ ಸರಕಾರಿ ಎಂದಿರುವಾಗ ಉಳಿದವರು ಮೆಹಮಾನರೇ ತಾನೆ ಎನ್ನುತ್ತಿದ್ದರು ಅಧ್ಯಕ್ಷರು. ಅವರು ಬೀದರಿನ ದೊಡ್ಡ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರು. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಠಾಣಾ ಕುಶನೂರಿನ ಮಾಸ್ತರರು ನಮ್ಮಲ್ಲಿ ಹಿರಿಯರು. ಹಣೆ ತುಂಬ ವಿಭೂತಿ, ಕಡಿಮೆ ಮಾತು. ಅವರ ಖಾನಗಿ ಶಾಲೆಗೆ ಅಪ್ಪಣೆ ಇಲ್ಲ, ಮುಚ್ಚಬೇಕು ಎಂದು ಔರಾದಿನ ಕಚೇರಿಯಿಂದ ಹುಕುಂ ಬಂದಿತ್ತು. ಒಬ್ಬ ಮಾಸ್ತರನ ಅರ್ಜಿಯನ್ನು ಯಾರೂ ಓದುವುದಿಲ್ಲ, ಅಂಜುಮನ್ ಬರೆದರೆ ಓದುತ್ತಾರೆ. ಹಾಗೆ ಬರೆಯಿರಿ ಎಂದು ಸಭೆಯಲ್ಲಿ ಕೇಳಲು ಅವರು ಎದ್ದರು. ಅಧ್ಯಕ್ಷರು ನಗುತ್ತ ಕೂರಿಸಿದರು.

“ಮೆಹಮಾನರು ಮನಿ ಮಾತಿಗೆ ಯಾಕ ತ್ರಾಸ ತಗೋತೀರಿ, ಮಾಸ್ತರ್ ಸಾಬ್? ಚಹಾ ತಗೋರಿ.”

ಮರುತಿಂಗಳ ಸಭೆಗೂ ಅವರು ಬಂದರು. ಪಾನಿನ ತಬಕು ಮುಂದೆ ಬಂದಾಗ ಪಾನು ತೆಗೆದುಕೊಳ್ಳಲಿಲ್ಲ. ಜವಾನನ ಕೈಯಿಂದ ತಬಕನ್ನೇ ತೆಗೆದುಕೊಂಡು ಎದ್ದು, ನೇರವಾಗಿ ಅಧ್ಯಕ್ಷರ ಮುಂದೆ ಹಿಡಿದರು.

“ತಗೋರಿ ಸಾಹೇಬ್ರ. ಈ ಮನಿ ನಂದೂ ಅದ.”

ಎದುರಿಗೆ ಹಿಡಿದ ಪಾನನ್ನು ಬೇಡವೆನ್ನುವುದು ಆ ಊರಿನಲ್ಲಿ ದೊಡ್ಡ ಅವಮಾನ. ತೆಗೆದುಕೊಂಡರೆ ಕೊಟ್ಟವನು ಮನೆಯವನಾಗುತ್ತಾನೆ. ಅಧ್ಯಕ್ಷರು ತಬಕನ್ನೂ ಅವರ ಮುಖವನ್ನೂ ನೋಡಿದರು. ಕೊನೆಗೆ ಒಂದು ಬೀಡಾ ತೆಗೆದುಕೊಂಡರು. ಮಾಸ್ತರರು ಅವಸರವಿಲ್ಲದೆ ಸರಕಾರಿ ಮಾಸ್ತರರ ಸಾಲಿಗೆಲ್ಲ ಪಾನು ಹಂಚಿ ಬಂದರು.

ಕಿಟಕಿಯ ಬಳಿ ಕೂತಿದ್ದ ಭಾಲ್ಕಿಯ ಮಿಶನ್ ಶಾಲೆಯ ಶಿಕ್ಷಕಿ, ನಮ್ಮೆಲ್ಲರ ಬಾಯಿಯವರು, ಆಗ ಎದ್ದು, ಹೆಸರಿನಿಂದ ಸರಕಾರಿ ಎಂಬುದನ್ನು ತೆಗೆಯಬೇಕು, ಕಲಿಸುವವರ ಅಂಜುಮನ್ ಎಂದಿಡಬೇಕು ಎಂದು ಸೂಚಿಸಿದರು. ಹಿಂದಿನಿಂದ ಒಬ್ಬರು ಕೆಣಕಿದರು.

“ಹಂಗಂದ್ರ ನಾಳೆ ತಬಲಾ ಕಲಸವ್ರೂ ಬರ್ತಾರಲ್ರಿ, ಬಾಯಿಯವರ?”

“ಬರ್ಲಿರಿ. ಅವ್ರ ಹುಡುಗ್ರು ತಾಳ ತಪ್ಪಂಗಿಲ್ಲ. ನಿಮ್ಮ ಹುಡುಗ್ರು ಮಗ್ಗಿನೇ ತಪ್ತಾರ.”

ನಗು ಅಡಗಿದ ಮೇಲೆ ಅಧ್ಯಕ್ಷರು ನಿಜವಾದ ಅಡ್ಡಿಯನ್ನು ಹೇಳಿದರು. ಸಭೆ ಸೇರಲು ಸರಕಾರದ ಅಪ್ಪಣೆ ಬೇಕಿದ್ದ ಕಾಲ. ಇದ್ದ ಅಪ್ಪಣೆ ಹಳೆಯ ಹೆಸರಿಗೆ. ಹೆಸರು ಬದಲಾದರೆ ಹೊಸದಾಗಿ ಕೇಳಬೇಕು, ಅದು ಬರುವವರೆಗೆ ಕೂಡಿ ಕೂರುವುದೇ ಗುನ್ಹೆ. ಕಾಯೋಣ ಎಂದರು. ಸರಕಾರಿ ಸಂಬಳದವರು ಅವರು. ಆ ಮಾತಿನಲ್ಲಿ ಹೆದರಿಕೆ ಇತ್ತು, ಮೋಸ ಇರಲಿಲ್ಲ.

“ನೀವು ಕಾಯ್ಬಹುದ್ರಿ,” ಎಂದರು ಕುಶನೂರಿನ ಮಾಸ್ತರರು. “ಅಲ್ಲೀತನಕ ನನ್ನ ಸಾಲಿ ಇರಂಗಿಲ್ಲ.”

ಅಧ್ಯಕ್ಷರು ಕೈ ಎತ್ತಿಸಿದರು. ಈ ಸಲ ನಾವೂ ಎತ್ತಿದೆವು, ನಮ್ಮವರ ಕೈಯಿಂದ ಪಾನು ತೆಗೆದುಕೊಂಡವರು ನಮ್ಮನ್ನು ಮೆಹಮಾನರೆನ್ನುವಂತಿರಲಿಲ್ಲ. ಸರಕಾರಿ ಮಾಸ್ತರರಲ್ಲಿ ಕಿರಿಯರು ಕೆಲವರು ನಮ್ಮೊಡನೆ ಎತ್ತಿದರು. ಹೆಸರು ಬದಲಾಯಿತು. ಹೊಸ ಹೆಸರಿನ ಮೊದಲ ನಿರ್ಣಯ ಕುಶನೂರಿನ ಶಾಲೆಯನ್ನು ಮುಚ್ಚಬಾರದು ಎಂಬುದು. ಕೈ ಎತ್ತದಿದ್ದ ಅಧ್ಯಕ್ಷರು ಕಲಮು ತರಿಸಿ ತಾವೇ ರುಜು ಹಾಕಿದರು. ಬೇಡವೆಂದೆ, ಸೋತೆ, ಅಂಜುಮನ್ ಹೇಳಿದ ಮೇಲೆ ರುಜು ನನ್ನದೇ ಎಂದರು.

ನಿರ್ಣಯ ಕಳಿಸಿದ್ದಕ್ಕೆ ಶಿಕ್ಷಣ ಇಲಾಖೆಯ ಉತ್ತರ ಹಳೆಯ ಹೆಸರಿಗೇ ಬಂತು. ಶಾಲೆ ಸದ್ಯಕ್ಕೆ ನಡೆಯಬಹುದು; ಹೊಸ ಹೆಸರನ್ನು ಮಾತ್ರ ಎಲ್ಲಿಯೂ ಬಳಸಕೂಡದು. ಮೊದಲನೆಯದನ್ನು ಒಪ್ಪಿಕೊಂಡೆವು, ಎರಡನೆಯದಕ್ಕೆ ಉತ್ತರ ಬರೆಯಲಿಲ್ಲ.

ನಾನು ಸುದ್ದಿ ಕಳಿಸಿದಾಗ, ಈ ಹೆಸರು ಮಂಜೂರಾಗಿದೆಯೇ ಎಂದು ಸಂಪಾದಕರು ಕೇಳಿದರು. ಸದಸ್ಯರು ಮಂಜೂರು ಮಾಡಿದ್ದಾರೆ ಎಂದು ತಿಳಿಸಿದೆ. ಸುದ್ದಿ ಅದೇ ಹೆಸರಿನಲ್ಲಿ ಅಚ್ಚಾಯಿತು.

ಮುಂದಿನ ಸಭೆಗೆ ಎಂದಿನ ಸರಕಾರಿ ಶಾಲೆಯ ಕೋಣೆ ಸಿಗಲಿಲ್ಲ. ನೌಬಾದದ ಹತ್ತಿರ ಬೇವಿನ ಮರವೊಂದರ ಕೆಳಗೆ, ಹೊಸ ಹೆಸರಿನಲ್ಲಿಯೇ ಸೇರಿದೆವು. ಪೊಲೀಸ್ ಜಮಾದಾರನೊಬ್ಬ ದೂರದಲ್ಲಿ ನಿಂತು ನೋಡುತ್ತಿದ್ದ. ಅಧ್ಯಕ್ಷರು ಬಂದಿದ್ದರು, ಬಾಯಿಯವರೂ ಬಂದಿದ್ದರು. ಕುಶನೂರಿನ ಮಾಸ್ತರರು ಮಾತ್ರ ಬಂದಿರಲಿಲ್ಲ. ಅಂದು ಶಾಲೆ ಇದೆ, ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದ್ದರು.