ನೀಲಾವತಿಯ ಸೂರಿನಡಿಯ ತೋಟ

ಸುಂದ್ರಮ್ಮ ಟೀಚರ್ ಚಾಮರಾಜನಗರದ ಆಸ್ಪತ್ರೆಯಲ್ಲಿ ತೀರಿಕೊಂಡರೆಂಬ ಸುದ್ದಿ ಬಂದಾಗ ಬೆಳಗಿನ ಆರೂವರೆ. ಪುಣಜನೂರಿನಾಚೆಯ ಕಾಡಂಚಿನ ಅಂಗನವಾಡಿಯಲ್ಲಿ ಸಹಾಯಕಿ ನೀಲಾವತಿ ಸೊಪ್ಪಿನ ಕುಂಡಗಳನ್ನು ಗಾಜಿನ ಹೆಂಚಿನ ಬೆಳಕಿಗೆ ಸರಿಸುತ್ತಿದ್ದರು. ಫೋನು ಕೆಳಗಿಟ್ಟು ಗೋಡೆಗೊರಗಿ ಕುಳಿತುಬಿಟ್ಟರು. ಮಕ್ಕಳು ಬಂದಾಗ, "ಟೀಚರ್ ಶಿವನತ್ರ ಓದ್ರು ಕಣ್ರಪ್ಪ" ಎಂದರು. ನಾಲ್ಕು ವರ್ಷದ ಸಿಂಚನ ಕೇಳಿದಳು: "ಹಂಗಾರೆ ಅವ್ರ ಕುಂಡುಕ್ಕೆ ನೀರ್ ಹುಯ್ಯೋರು ಯಾರು?"

ಅದಾಗಿ ಎರಡು ತಿಂಗಳು. ಆ ಕುಂಡಕ್ಕೆ ಮಕ್ಕಳೇ ಸರದಿಯಲ್ಲಿ ನೀರು ಹಾಕುತ್ತಿವೆ. ಹೊಸ ಟೀಚರ್ ಇನ್ನೂ ಬಂದಿಲ್ಲ. ಇಪ್ಪತ್ತೆರಡು ಮಕ್ಕಳು, ಎಣ್ಣೆ ಡಬ್ಬ, ಒಡಕು ಬಕೆಟ್ಟುಗಳ ಇಪ್ಪತ್ತಮೂರು ಕುಂಡ, ಎಲ್ಲಕ್ಕೂ ನೀಲಾವತಿ ಒಬ್ಬರೇ. ತೋಟ ಕೋಣೆಯೊಳಗೇ ಏಕೆ? "ಮೊದ್ಲು ಆಚೆ ಮಾಡಿದ್ದೊ. ಬೆಳಗಾಗೋದ್ರೊಳ್ಗೆ ಆನೆ ಮೇದ್ಬುಟ್ಟು ಓಯ್ತು. ಉಣ್ಣಾಕ್ ಬಂತು ಅಂತ ಆನೆಗೂ ಹಾಜ್ರಿ ಹಾಕಾಕಾಯ್ತದಾ?" ಎಂದು ನಗುತ್ತಾರೆ.

ಮಗುವಿಗೊಂದು ಕುಂಡವೆಂಬುದು ಸುಂದ್ರಮ್ಮನವರ ನೇಮ. "ಲೋಟ ಕೊಟ್ಟಿದ್ದಾಗ ನೀರು ಸುರ್ದು ಸುರ್ದು ಬೇರೆಲ್ಲ ಕೊಳ್ತೋದೊ. ಆಮೇಕೆ ಬಾಟ್ಲಿ ಮುಚ್ಚಳ ಕೊಟ್ಟೊ" ಎನ್ನುತ್ತಾರೆ ನೀಲಾವತಿ. ಆ ಮುಚ್ಚಳಗಳನ್ನು ಎಣಿಸುತ್ತಲೇ ಮಕ್ಕಳು ಹತ್ತರವರೆಗೆ ಕಲಿಯುತ್ತವೆ; ಹೊಸ ಎಲೆಗಾಗಿ ಕಾಯುವುದನ್ನೂ ಕಲಿಯುತ್ತವೆ. ಬೆಳೆದ ಸೊಪ್ಪನ್ನು ತಾವೇ ಕಿತ್ತು ಅಡುಗೆಗೆ ಕೊಡುತ್ತವೆ. ಊಟದ ಹೊತ್ತಿಗೆ ಅದು ಯಾರ ಸೊಪ್ಪೆಂದು ನೀಲಾವತಿ ಕೂಗಿ ಹೇಳಲೇಬೇಕು. ಮನೆಯಲ್ಲಿ ಸೊಪ್ಪು ಕಂಡರೆ ಮೂತಿ ತಿರುಗಿಸುವ ಮಕ್ಕಳು ಇಲ್ಲಿ ತಟ್ಟೆ ನೆಕ್ಕುತ್ತವೆ.

ಕಳೆದ ವಾರ ಬಂದ ಹೊಸ ಮೇಲ್ವಿಚಾರಕಿ ಬೃಂದಾ, ನೆಲ ಒದ್ದೆಯಾಗಿದೆ, ಸೊಳ್ಳೆಯಾಗುತ್ತದೆ, ಕುಂಡಗಳನ್ನೆಲ್ಲ ಇವತ್ತೇ ಹೊರಗಿಡಿ ಎಂದರು. ಆರು ವರ್ಷದ ತೋಟ ಒಂದೇ ಮಾತಿಗೆ ಆನೆಯ ಪಾಲಾಗುವುದಿತ್ತು. ಮೇಲಿನವರೆದುರು ಎಂದೂ ಬಾಯಿ ತೆರೆಯದ ನೀಲಾವತಿ, "ಉಂಡ್ಕಂಡ್ ಓಗಿ ಮೇಡಮ್ಮು, ಆಮೇಕೆ ನೋಡಾನ" ಎಂದು ಅವರನ್ನು ಕೂರಿಸಿದರು. ಸಾರು ಬಡಿಸಿ, "ಇವತ್ತು ಸಿಂಚನನ ದಂಟು" ಎಂದು ಕೂಗಿದರು.

ಹುಡುಗಿ ಎದ್ದು ಬಂದು ಬೃಂದಾರ ಮುಂದೆ ನಿಂತಳು.

"ಚೆಂದಾಗದಾ?"

"ಚೆನ್ನಾಗಿದೆ ಪುಟ್ಟಿ."

"ಹಂಗಾರೆ ಪೂರಾ ಉಣ್ಣಿ. ಬುಡ್ಬಾರ್ದು."

ಬೃಂದಾ ತಟ್ಟೆ ಬರಿದು ಮಾಡಿ ಎದ್ದರು. ಸಾಲಾಗಿ ಕೂತು ಸೊಪ್ಪು ಉಣ್ಣುತ್ತಿದ್ದ ಮಕ್ಕಳನ್ನು ಒಂದು ಗಳಿಗೆ ನೋಡಿದರು. "ಕುಂಡ ಒಳಗೇ ಇರಲಿ. ಕೆಳಗೊಂದು ತಟ್ಟೆ ಇಡಿ, ನೀರು ನಿಂತರೆ ದಿನಾ ಚೆಲ್ಲಿ" ಎಂದು ಹೇಳಿ ಹೊರಟರು.

"ನಾನೇನ್ ಓದ್ದೋಳಲ್ಲ. ಟೀಚರ್ ಹೇಳ್ಕೊಟ್ಟಿದ್ದ ಕೈ ಬುಡ್ನಿಲ್ಲ, ಅಷ್ಟೆ" ಎನ್ನುವಾಗ ನೀಲಾವತಿಯ ಬೆನ್ನು ನೆಟ್ಟಗಾಗುತ್ತದೆ. ಇಂಥ ಕೈಗಳಿಗೆ ವಿದ್ಯೆಯೊಪ್ಪಿಸಿ ಹೋದ ತಾಯಿ ಸುಂದ್ರಮ್ಮನವರನ್ನು ಬೆಟ್ಟದ ದೇವರು ಮಾದಪ್ಪ ತನ್ನ ನೆರಳಲ್ಲಿಟ್ಟು ಕಾಯಲಿ, ಆ ಜೀವಕ್ಕೆ ಶಾಂತಿ ಕರುಣಿಸಲಿ.